ಪಟ್ಟೆಯಿಲ್ಲದ ಜಿಗಣೆ

"'ನನ್ನ ಜಿಗಣಿ ಎಮ್ಮಿ ಮೂಗಿನ್ಯಾಗ ಹೊಕ್ಕರ ಮಿದುಳು ಮುಟ್ಟಿ, ಅಲ್ಲೇ ಊಟ ಮುಗಿಸಿ, ಕಿವಿಯಿಂದ ಹೊರಗ ಬರ್ತದ. ಇಂಥಾವು ಈ ಕೆರಿಯೊಳಗ ಹನ್ನೆರಡು ಸಾವಿರ ಅವ. ನಾ ಹೆಸರು ಹಿಡದು ಕರದರ ದಂಡಿಗಿ ಬರ್ತಾವ.' ಇದು ನೀವು ಹೇಳಿದ್ದು ಹೌದಲ್ಲೊ, ಅಮ್ಮಾ?"

ದನದ ಡಾಕ್ಟರು ಗುರುಲಿಂಗಯ್ಯ ನೋಟ್‌ಬುಕ್ಕಿನಿಂದ ತಲೆಯೆತ್ತಿದರು. ಜೈತುನ್ಬೀ ಜಿಗಣೆ ಮಡಕೆಯ ಬಾಯಿಗೆ ಕಟ್ಟಿದ ಹಸಿ ಬಟ್ಟೆಯನ್ನು ಬಿಗಿಮಾಡುತ್ತಿದ್ದವಳು ಕೈ ನಿಲ್ಲಿಸಿದಳು.

"ಹೇಳಿದ್ದು ಹೌದ್ರಿ. ಅದರಾಗ ಅರ್ಧ ಸುಳ್ಳು ಅದ."

"ಯಾವ ಅರ್ಧ?"

"ಅದು ನೀವು ತಿಳಕೋಬೇಕಿತ್ತು. ಕಿವಿಯಿಂದ ಬರ್ತದ ಅಂದಾಗರೆ ನಗಬೇಕಿತ್ತು. ನೀವು ನಗಲಿಲ್ಲ, ಬರಕೊಂಡ್ರಿ."

"ಕೆಳಗ ನಿಮ್ಮ ಹೆಬ್ಬೆಟ್ಟು ಅದ."

"ಹೆಬ್ಬೆಟ್ಟು ಕೇಳಿದ್ರಿ, ಕೊಟ್ಟೆ. ಮನಿಗಿ ಬಂದವರು ಕೇಳಿದ್ದು ಕೊಡಲಾರದ ಕಳಸೂದು ನಮ್ಮ ಕಡಿ ಇಲ್ರಿ."

ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ ಲಲಿತಾಬಾಯಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಅವಳು ವಾಡಿಯ ರೇಲ್ವೆ ಕ್ವಾರ್ಟರ್ಸಿನವಳು. ಪಾದದ ಗಂಟಿನ ಮೇಲೆ ಎಂಟು ವರ್ಷದಿಂದ ಒಣಗದ ಹುಣ್ಣು. ತಿಂಗಳಿಗೊಮ್ಮೆ ರೈಲಿನಲ್ಲಿ ಕುರಕುಂಟಾಕ್ಕೆ ಬಂದು, ಅಲ್ಲಿಂದ ಯಾರದಾದರೂ ಬಂಡಿ ಹಿಡಿದು ಈ ಹಳ್ಳಿ ಸೇರುತ್ತಿದ್ದಳು. ಹುಣ್ಣಿನ ಅಂಚಿಗೆ ಈಗ ಎರಡು ಜಿಗಣೆ ಕಚ್ಚಿಕೊಂಡು ನಿಧಾನವಾಗಿ ಉಬ್ಬುತ್ತಿದ್ದವು. ಹುಣ್ಣು ಮೊದಲು ಅಂಗೈಯಷ್ಟಿತ್ತು, ಈಗ ಎಂಟಾಣೆಯಷ್ಟಾಗಿದೆ. ಜೈತುನ್ಬೀಯ ಲೆಕ್ಕದಲ್ಲಿ ಮಾತ್ರ ಅದು ಮೊದಲು ರೊಟ್ಟಿಯ ಹಂಚಿನಷ್ಟಿತ್ತು.

"ನಗಬ್ಯಾಡ್ರಿ ಬಾಯಾರ," ಎಂದರು ಗುರುಲಿಂಗಯ್ಯ. "ನಾಳೆ ಮಧ್ಯಾಹ್ನ ಕೆರಿಗಿ ಮೈಲುತುತ್ತ ಹಾಕ್ತೀವಿ, ಜಿಗಣಿ ಒಂದೂ ಉಳಿಯೂದಿಲ್ಲ. ಮೂರು ಚೀಲ ಚಾವಡಿಗಿ ಬಂದಾವ. ಈ ಹೇಳಿಕಿ ಮ್ಯಾಲೇ ಮಂಜೂರಾಗ್ಯದ."

ಲಲಿತಾಬಾಯಿಯ ನಗು ನಿಂತಿತು. ಜೈತುನ್ಬೀ ಮಡಕೆಯನ್ನು ನೆಲಕ್ಕಿಟ್ಟಳು.

ಮೂರು ವಾರದ ಹಿಂದೆ ಸಾಯಬಣ್ಣನ ಒಂದು ಎಮ್ಮೆ ಮೂಗಿನಿಂದ ರಕ್ತ ಸುರಿಸಿ ಸುರಿಸಿ ಸತ್ತಿತ್ತು. ಈಗ ಇನ್ನೊಂದರ ಮೂಗಿನಲ್ಲೂ ರಕ್ತ. ಮೊದಲನೆಯದು ಸತ್ತಾಗಲೇ ಡಾಕ್ಟರು ಬಂದರು, ಕೆರೆಗೆ ಇಳಿದರು, ಒಂದು ಜಿಗಣೆ ಹಿಡಿದು ಸ್ಪಿರಿಟ್ಟಿನ ಬಾಟಲಿಗೆ ಹಾಕಿಕೊಂಡು ಹೋದರು. ಹೋಗುವಾಗ ಜಿಗಣೆ ಹಚ್ಚುವ ಮುದುಕಿ ಇದ್ದಾಳೆಂದು ಕೇಳಿ ಇವಳ ಕಟ್ಟೆಗೂ ಬಂದರು. ಚೊಕ್ಕ ಅಂಗಿ ತೊಟ್ಟ ಮನುಷ್ಯ, ಕೈಯಲ್ಲಿ ಪೆನ್ನು, ಪ್ರತಿ ಮಾತಿಗೂ "ಹೂಂ, ಮುಂದ?" ಎನ್ನುವವನು. ಗಂಡ ಗನಿಸಾಬ ಸತ್ತ ಮೇಲೆ ಹನ್ನೊಂದು ವರ್ಷ ಅವಳ ಮಾತನ್ನು ಅಷ್ಟು ಮನಸ್ಸಿಟ್ಟು ಯಾರೂ ಕೇಳಿರಲಿಲ್ಲ. ಅವಳು ಹೇಳುತ್ತಾ ಹೋದಳು, ಅವನು ಬರೆಯುತ್ತಾ ಹೋದ. ಅಷ್ಟೇ ಆಗಿದ್ದು.

"ಡಾಕ್ಟರ್ ಸಾಬ್," ಎಂದಳು ಜೈತುನ್ಬೀ, ಹಲ್ಲು ಕಚ್ಚಿ ಸಮಾಧಾನ ತಂದುಕೊಂಡು. "ಈಗ ಖರೆ ಹೇಳ್ತೀನಿ, ಕೇಳ್ರಿ. ಜಿಗಣಿ ಎರಡು ಥರ. ನನ್ನ ಜಿಗಣಿ ಇಲ್ಲಿ ನೋಡ್ರಿ."

ಅವಳು ಮಡಕೆಯ ಕೆಸರಿಗೆ ಕೈಹಾಕಿ ಒಂದನ್ನು ತೆಗೆದು ಅಂಗೈ ಮೇಲೆ ಬಿಟ್ಟಳು. ಹಸಿರು ಬೆನ್ನು, ಉದ್ದಕ್ಕೂ ಕಪ್ಪು ಪಟ್ಟೆ, ಎರಡೂ ಮಗ್ಗುಲಿಗೆ ಕಿತ್ತಳೆ ಗೆರೆ. ಅದು ಬಾಯೂರಿ, ಬಾಲ ಎಳೆದು, ಅವಳ ಮುಂಗೈ ಹತ್ತತೊಡಗಿತು.

"ಇಳಕಲ್ ಸೀರಿ ದಡಿ ಇದ್ದಾಂಗ ಅದ ಇಲ್ಲೊ? ಇದು ಎಮ್ಮಿ ಮಲಗೂ ರಾಡಿ ನೀರಿನ್ಯಾಗ, ಆಪಿನ ಹುಲ್ಲಿನ ಬುಡಕ ಇರ್ತದ. ಕಾಲಿಗಿ ಹತ್ತತದ, ಹೊಟ್ಟಿ ತುಂಬಿದ ಮ್ಯಾಲ ತಾನೇ ಬೀಳ್ತದ. ಮೂಗಿನ್ಯಾಗ ಹೋಗೂದಿಲ್ಲ. ಮೂಗಿನ್ಯಾಗ ಹೋಗೂದು ಬ್ಯಾರೆ. ಅದಕ್ಕ ಪಟ್ಟಿಲ್ಲ, ಪಿಟ್ಟಿಲ್ಲ. ಮರಿ ಇದ್ದಾಗ ಶಾವಿಗಿ ಎಳಿಯಷ್ಟ ಇರ್ತದ. ಕಲ್ಲಿನ ಸಂದಿ ಇರೂ ತಣ್ಣನ ತಿಳಿನೀರೇ ಆಗಬೇಕು ಅದಕ್ಕ. ಚಿಂಚೋಳಿ ಅಡವಿ ಝರಿಯೊಳಗ ಅವ. ಇಲ್ಲಿ ಎಲ್ಲಿ ಅದ ಅಂದ್ರ ಆ ಹಳೇ ಕಲ್ಲಿನ ಖಣಿಯೊಳಗ. ನಮ್ಮ ಕೆರಿಯೊಳಗ ಇಲ್ಲ."

ಗುರುಲಿಂಗಯ್ಯ ಚೀಲದಿಂದ ಒಂದು ನಕಾಶೆ ತೆಗೆದು ಹರವಿದರು. ಸೇಡಂ, ಚಿತ್ತಾಪುರ, ಚಿಂಚೋಳಿ, ಎಲ್ಲ ಕಡೆ ಕೆಂಪು ಶಾಯಿಯ ಚುಕ್ಕೆ. ಸೇಡಂ ಸೀಮೆಯ ಮುಧೋಳದ ಹತ್ತಿರ ನಾಲ್ಕು.

"ನೀರಿದ್ದಲ್ಲೆಲ್ಲ ಕುಂಕುಮ ಚೆಲ್ಲೀರಿ. ಕಾಗಿಣಾ ಹೊಳಿ ಮ್ಯಾಲ ಸುದ್ದಾ ಇಟ್ಟೀರಿ," ಎಂದಳು ಜೈತುನ್ಬೀ. "ಓಡೂ ನೀರಿನ್ಯಾಗ ನನ್ನ ಜಿಗಣಿ ಹ್ಯಾಂಗ ನಿಂದರಬೇಕ್ರಿ, ಹಗ್ಗ ಕಟಗೊಂಡೇನು?"

ಅವರು ಚೀಲದಿಂದ ಸ್ಪಿರಿಟ್ಟಿನ ಬಾಟಲಿ ತೆಗೆದು ಬಿಸಿಲಿಗೆ ಹಿಡಿದರು. ಒಳಗೆ ಬೂದಿ ಬಣ್ಣದ, ಮುದುರಿದ ಒಂದು ತುಂಡು. "ಇದು ನಾನೇ ನಿಮ್ಮ ಕೆರಿಯೊಳಗ ಹಿಡದದ್ದು. ಪಟ್ಟಿ ಎಲ್ಲಿ ಅದ, ತೋರಸ್ರಿ. ಪುಸ್ತಕದಾಗ ಮೂಗಿನ ಜಿಗಣಿಗಿ ಪಟ್ಟಿ ಇಲ್ಲ ಅಂತ ಬರದದ. ಇದಕ್ಕೂ ಇಲ್ಲ."

"ಹಿಡದಾಗ ಇತ್ತೇನು?"

"ಕಚ್ಚಿತ್ತು. ಎಳದು ಬಾಟಲಿಗಿ ಹಾಕಿದೆ. ನೋಡಲಿಕ್ಕ ಎಲ್ಲಿ ಪುರಸೊತ್ತು?"

ಜೈತುನ್ಬೀ ಹಣೆ ಹಣೆ ಬಡಿದುಕೊಂಡಳು. ಹೊಸ ಚೀಟಿನ ಸೀರೆಯನ್ನು ಮೂರು ವಾರ ಸರಾಯಿಯಲ್ಲಿ ನೆನೆಹಾಕಿ, ಬಣ್ಣ ಎಲ್ಲಿ ಎಂದು ಅಂಗಡಿಯವನನ್ನು ಕೇಳಿದ ಹಾಗಿತ್ತು. ಅದನ್ನು ಹಾಗೆಯೇ ಹೇಳಿದಳು. ಡಾಕ್ಟರು ತಲೆಯಾಡಿಸಿದರು. ನೋಟ್‌ಬುಕ್ಕಿನ ಕಿವಿಯಿಂದ ಬರುವ ಜಿಗಣೆಯ ಮಾತನ್ನು ನಂಬಿದ ಮನುಷ್ಯ ಈ ಮಾತನ್ನು ನಂಬಲಿಲ್ಲ.

"ಆಕಿ ಈಗ ಖರೇನೇ ಹೇಳಾಕತ್ತಾಳ್ರಿ, ಡಾಕ್ಟರ್ ಸಾಹೇಬ್ರ," ಎಂದಳು ಲಲಿತಾಬಾಯಿ.

"ನಿಮಗ ಹ್ಯಾಂಗ ಗೊತ್ತು?"

"ಸುಳ್ಳು ಹೇಳೂಮುಂದ ಆಕಿ ಮಾರಿ ಭಾಳ ಖುಷಿ ಇರ್ತದ್ರಿ. ಈಗ ನೋಡ್ರಿ, ಬೇವಿನಕಾಯಿ ತಿಂದಾಂಗ ಆಗ್ಯದ."

ಜಿಗಣೆ ಕೊಲ್ಲಬಾರದು ಎಂಬುದು ಗನಿಸಾಬನ ಕಟ್ಟಪ್ಪಣೆಯಾಗಿತ್ತು. ಕುಡಿದ ಜಿಗಣೆಗೆ ಅರಿಸಿನ ಉದುರಿಸಿ, ಕಕ್ಕಿಸಿ, ಕೆರೆಗೇ ಮರಳಿ ಬಿಡಬೇಕು. ಒಬ್ಬರಿಗೆ ಹಚ್ಚಿದ್ದನ್ನು ಇನ್ನೊಬ್ಬರಿಗೆ ಹಚ್ಚಬಾರದು. ನಲವತ್ತು ವರ್ಷ ಅವಳು ಅದನ್ನು ಮೀರಿರಲಿಲ್ಲ. ಈಗ ಮುಂಗೈ ಹತ್ತಿದ್ದ ಜಿಗಣೆಯನ್ನು ಎರಡು ಬೆರಳಲ್ಲಿ ಬಿಡಿಸಿಕೊಂಡಳು.

"ಇದು ನನ್ನ ಹಿರೀ ಸೊಸಿಗಿಂತ ಮಾತು ಕೇಳ್ತಿತ್ತು," ಎಂದಳು. "ಬಿರಡಿ ತಗೀರಿ."

ಜಿಗಣೆ ಸ್ಪಿರಿಟ್ಟಿನಲ್ಲಿ ಎರಡು ಸಲ ಹೊರಳಿ ಸುಮ್ಮನಾಯಿತು. ಪಟ್ಟೆಗಳು ಇನ್ನೂ ಹಾಗೇ ಇದ್ದವು.

"ನಾಳೆ ಮುಂಜಾನಿ ನೋಡ್ರಿ. ಅಲ್ಲಿತನ ಕೆರಿಗಿ ಕೈ ಹಚ್ಚಬ್ಯಾಡ್ರಿ. ಸಾಯಬಣ್ಣಗ ಹೇಳ್ರಿ, ಎಮ್ಮಿಗಿ ನಾಳೆತನ ನೀರು ಕುಡಸಬ್ಯಾಡ ಅಂತ. ಮೂಗಿನ್ಯಾಗ ಇದ್ದದ್ದನ್ನ ನಾ ಹೊರಗ ಕರದು ತೋರಸ್ತೀನಿ."

"ಹೆಸರು ಹಿಡದು?"

"ಈಗ ನಗೂದು ಕಲತ್ರಿ," ಎಂದಳು ಜೈತುನ್ಬೀ.

ಸಾಯಬಣ್ಣನ ಮನೆಗೆ ಅವಳೇ ಹೋದಳು. ಐವತ್ತು ದಾಟಿದ ಮನುಷ್ಯ, ಪಂಚಾಯತಿ ಮೆಂಬರ. ಇವನ ಬಾಯಿಂದ ಸುಳ್ಳು ಬಂದದ್ದು ಕಂಡವರಿಲ್ಲ, ಅವಳ ಬಾಯಿಂದ ಖರೆ ಬಂದದ್ದು ಕಂಡವರಿಲ್ಲ ಎಂದು ಊರು ಇಬ್ಬರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿತ್ತು. ಗನಿಸಾಬ ತೀರಿದ ದಿನ ಮಳೆ ಹಿಡಿದಿತ್ತು. ಕಫನ್ ಬಟ್ಟೆ ತರಲು ಸೇಡಂಗೆ ಬಂಡಿ ಹೂಡಿಕೊಂಡು ಹೋದವನು ಈ ಸಾಯಬಣ್ಣನೇ.

ಎಮ್ಮೆ ಕೊಟ್ಟಿಗೆಯ ಮುಂದೆ ಕುತ್ತಿಗೆ ಇಳಿಬಿಟ್ಟು ನಿಂತಿತ್ತು. ಎಡ ಹೊಳ್ಳೆಯ ಕೆಳಗೆ ರಕ್ತ ಒಣಗಿ ಕಪ್ಪಾಗಿತ್ತು. ಜೈತುನ್ಬೀ ಅದರ ಮೂತಿ ನೋಡಲಿಲ್ಲ, ಕುಕ್ಕರಗಾಲಲ್ಲಿ ಕೂತು ಗೊರಸು ನೋಡಿದಳು. ಗೊರಸಿನ ಸಂದಿಯಲ್ಲಿ ಬೆಳ್ಳನೆಯ ರಾಡಿ ಗಟ್ಟಿಯಾಗಿತ್ತು. ಕೆರೆಯ ಮಣ್ಣು ಕಪ್ಪು. ಬಿಳಿ ರಾಡಿ ಇರುವುದು ಒಂದೇ ಕಡೆ, ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕಡಿದು ಬಿಟ್ಟ ಹಳೆಯ ಗಣಿಯಲ್ಲಿ.

"ತಮ್ಮಾ, ಎಮ್ಮಿಗಿ ಖಣಿ ನೀರು ಕುಡಸೀದಿ," ಎಂದಳು.

"ಇಲ್ಲಕ್ಕ. ಕೆರಿಗೇ ಹೊಡಕೊಂಡು ಹೋಗ್ತೀನಿ."

"ಗೊರಸಿನ್ಯಾಗ ಬಿಳಿ ರಾಡಿ ಅದ."

"ಮನಿಗಿ ಸುಣ್ಣ ಹಚ್ಚಿದ್ವಿ. ತುಳದದ."

ಜೈತುನ್ಬೀ ಗೋಡೆ ನೋಡಿದಳು. ಹೋದ ವರ್ಷದ ಮಳೆಯ ಕಲೆ ಹಾಗೇ ಇತ್ತು. ಸಾಯಬಣ್ಣನೂ ಗೋಡೆ ನೋಡಿದ, ಆಮೇಲೆ ನೆಲ ನೋಡಿದ.

ಹೋದ ಬೇಸಿಗೆಯಲ್ಲಿ ಗಣಿಯ ಕಲ್ಲು ಜಾರಿ ಒಂದು ಎತ್ತು ಕಾಲು ಮುರಿದುಕೊಂಡಿತ್ತು. ಅದರ ಮರುದಿನ ಪಂಚಾಯತಿ ಸೇರಿ ಡಂಗುರ ಹೊಡೆಸಿತು. ಇನ್ನು ಯಾರಾದರೂ ಗಣಿಗೆ ದನ ಹೊಡೆದುಕೊಂಡು ಹೋದರೆ, ಆ ದನದ ಹಗ್ಗ ತಮ್ಮ ಕೊರಳಿಗೆ ಹಾಕಿಕೊಂಡು ಮುಂಜಾನೆಯಿಂದ ಸಂಜೆಯ ತನಕ ಚಾವಡಿಯ ಮುಂದೆ ನಿಲ್ಲಬೇಕು. ಹಾಗೆ ಆಗಲಿ ಎಂದು ಎದ್ದು ನಿಂತು ಹೇಳಿದವನು ಸಾಯಬಣ್ಣನೇ. ಅವನ ಹೊಲ ಇದ್ದದ್ದು ಗಣಿಯ ಪಕ್ಕಕ್ಕೆ, ಕೆರೆಗಾದರೆ ಸುತ್ತಿ ಬರಬೇಕು.

"ಕೆರಿ ಸಾಯ್ತದಪ್ಪಾ," ಎಂದಳು ಜೈತುನ್ಬೀ, ಸಣ್ಣ ದನಿಯಲ್ಲಿ. "ನೀ ಒಂದು ಮಾತು ಹೇಳಿದ್ರ ಡಾಕ್ಟರು ಕೇಳ್ತಾನ. ನಾ ಸಾವಿರ ಹೇಳಿದ್ರೂ ಕೇಳೂದಿಲ್ಲ."

"ಇಲ್ಲದ್ದು ಹ್ಯಾಂಗ ಹೇಳಲಿಕ್ಕ ಬರ್ತದಕ್ಕ," ಎಂದ ಸಾಯಬಣ್ಣ. ಅವನ ಕೈ ಅಂಗಿಯ ಮೇಲಿಂದ ಕೊರಳಿನ ಲಿಂಗದ ಕರಡಿಗೆಯನ್ನು ಹುಡುಕಿ ಹಿಡಿದುಕೊಂಡಿತು.

ಅವಳು ದಾರಿಯುದ್ದಕ್ಕೂ ಬೈದುಕೊಂಡು ಬಂದಳು. ಅರವತ್ತೈದು ವರ್ಷ ಸುಳ್ಳು ಹೇಳಿ ಯಾರಿಗೂ ಒಂದು ಹುಲ್ಲುಕಡ್ಡಿಯ ನಷ್ಟ ಮಾಡದವಳು ತಾನು. ಈ ಮನುಷ್ಯ ಜನ್ಮದಲ್ಲಿ ಒಂದೇ ಸುಳ್ಳು ಹೇಳಿದ, ಅದಕ್ಕೆ ಇಡೀ ಕೆರೆ ಬೇಕಾಯಿತು.

ಮರುದಿನ ಹೊತ್ತೇರುವ ಮೊದಲೇ ಡಾಕ್ಟರು ಬಾಟಲಿ ಹಿಡಿದು ಅವಳ ಕಟ್ಟೆಗೆ ಬಂದರು. ಅದನ್ನು ಅವಳ ಮುಂದೆ ಚಾಚಿದರು. ಬಾಟಲಿಯಲ್ಲಿ ಎರಡು ಜಿಗಣೆ. ಕಿತ್ತಳೆ ಗೆರೆ ಹೋಗಿತ್ತು, ಹಸಿರು ಹೋಗಿತ್ತು, ಪಟ್ಟೆಗಳು ನೀರಿಗೆ ಬಿದ್ದ ಮಸಿಯ ಹಾಗೆ ಕಲಸಿ ಹೋಗಿದ್ದವು. ಹಳೆಯದು ಯಾವುದು, ನಿನ್ನೆಯದು ಯಾವುದು ಎಂದು ಹೇಳಲು ಎರಡು ಸಲ ನೋಡಬೇಕಾಗಿತ್ತು.

"ಆಯ್ತಲ್ಲ?" ಎಂದಳು ಜೈತುನ್ಬೀ.

"ನಂದು ತಪ್ಪಾಗ್ಯದ," ಎಂದರು ಗುರುಲಿಂಗಯ್ಯ. ಮನುಷ್ಯ ಕೆಟ್ಟವನಲ್ಲ. "ಆದ್ರ ಎಮ್ಮಿ ಮೂಗಿನ್ಯಾಗ ಏನದ, ಅದೂ ನೋಡಬೇಕಲ್ಲ."

ಸಾಯಬಣ್ಣನ ಅಂಗಳದಲ್ಲಿ ನಾಲ್ಕು ಮಂದಿ ಸೇರಿದ್ದರು. ನಿನ್ನೆಯಿಂದ ನೀರು ಕಾಣದ ಎಮ್ಮೆ ಗೂಟದ ಸುತ್ತ ತಿರುಗಿ ತಿರುಗಿ ಹಗ್ಗ ಬಿಗಿದುಕೊಂಡಿತ್ತು. ಜೈತುನ್ಬೀ ಅದರ ಹಣೆ ತುರಿಸಿ, ತಪ್ಪಾಯ್ತು ನನ್ನವ್ವ ಎಂದು ಕಿವಿಯಲ್ಲಿ ಹೇಳಿ, ಹಿತ್ತಾಳೆ ತಂಬಿಗೆಯ ತುಂಬ ಸೋಸಿದ ತಿಳಿನೀರು ತಂದಳು. ಬಲಗೈಯ ಬೆರಳಿಗೆ ಒಲೆಯ ಬೂದಿ ಒರೆಸಿಕೊಂಡಳು. ತಂಬಿಗೆಯನ್ನು ಎಡ ಹೊಳ್ಳೆಯ ಕೆಳಗೆ, ಎಮ್ಮೆಯ ನಾಲಿಗೆಗೆ ಸಿಗದ ಹಾಗೆ, ಉಸಿರು ಮಾತ್ರ ನೀರಿಗೆ ತಾಕುವಷ್ಟು ದೂರಕ್ಕೆ ಹಿಡಿದಳು.

ಏನೂ ಬರಲಿಲ್ಲ. ಎಮ್ಮೆ ಮೂತಿ ನೂಕಿತು, ನೀರು ತುಳುಕಿತು, ಅವಳು ಕೈ ಹಿಂದಕ್ಕೆಳೆದಳು, ಮತ್ತೆ ಹಿಡಿದಳು. ಡಾಕ್ಟರು ಗಡಿಯಾರ ನೋಡಿಕೊಂಡರು.

"ನೋಡಬ್ಯಾಡ್ರಿ ಅದನ್ನ," ಎಂದಳು ಜೈತುನ್ಬೀ ತಿರುಗದೆ. "ಗಡಿಯಾರಕ್ಕ ಹೆದರಿ ಬರೂ ಜಿಗಣಿ ಅಲ್ಲ ಇದು."

ಆಗ ಹೊಳ್ಳೆಯ ಒಳಗಿಂದ ಕಂದು ಬಣ್ಣದ ತುದಿಯೊಂದು ಹೊರಬಂದು, ನೀರಿನ ತಂಪು ಹುಡುಕುತ್ತ ಆ ಕಡೆ ಈ ಕಡೆ ತೂಗಿತು. ಒಳಗೆ ಹೋಯಿತು. ಮತ್ತೆ ಬಂತು, ಈ ಸಲ ಕಿರುಬೆರಳಷ್ಟು ಉದ್ದ ಬಂದು ನೀರಿಗೆ ಮೂತಿಯಿಟ್ಟಿತು. ಬೂದಿ ಬೆರಳು ಚಿಮಟದ ಹಾಗೆ ಬಿದ್ದವು. ಎಳೆಯಲಿಲ್ಲ, ಬರೀ ಬಿಗಿಹಿಡಿದು, ಅದರ ಬಾಯಿ ಸಡಿಲುವವರೆಗೆ ಕಾದಳು. ಎಮ್ಮೆ ಸೀನಿತು. ಜಿಗಣೆ ಅವಳ ಕೈಯಲ್ಲಿತ್ತು. ಕಂದು, ನುಣುಪು, ಜೀವಂತ. ಒಂದು ಪಟ್ಟೆಯೂ ಇರಲಿಲ್ಲ.

ಡಾಕ್ಟರು ಅದನ್ನು ನೀರು ತುಂಬಿದ ಗಾಜಿನ ಲೋಟದಲ್ಲಿ ಬಿಟ್ಟು, ಪಕ್ಕದಲ್ಲಿ ಜೈತುನ್ಬೀಯ ಮಡಕೆಯದೊಂದನ್ನು ಬಿಟ್ಟು, ಬಹಳ ಹೊತ್ತು ನೋಡಿದರು. "ಎರಡು ಜಾತಿ. ಖರೆ," ಎಂದರು. ಆಮೇಲೆ ಅವರ ಮುಖ ಸಣ್ಣದಾಯಿತು. "ಆದ್ರ ಅಮ್ಮಾ, ಎರಡೂ ಒಂದೇ ಕೆರಿಯೊಳಗ ಇರಬಹುದಲ್ಲ? ಎಮ್ಮಿ ಕೆರಿ ನೀರೇ ಕುಡದದ ಅಂತ ಸಾಯಬಣ್ಣನವರು ಹೇಳ್ಯಾರ. ಅವರ ಮಾತು ತಗದು ನಿಮ್ಮ ಮಾತು ಹ್ಯಾಂಗ ಬರೀಲಿ?"

ಜೈತುನ್ಬೀ ತಂಬಿಗೆಯನ್ನು ಕುಕ್ಕಿ ಇಟ್ಟಳು. ಸಾಯಬಣ್ಣ ಜೋಳದ ಕಣಜದ ಹತ್ತಿರ, ಲೋಟದ ಕಡೆಗೆ ನೋಡದೆ ನಿಂತಿದ್ದ.

"ನನ್ನ ಮಾತು ಬ್ಯಾಡ, ಅವನ ಮಾತೂ ಬ್ಯಾಡ," ಎಂದಳು. "ಇಲ್ಲಿ ಸುಳ್ಳು ಬರಲಾರದ್ದು ಒಂದ ಅದ. ಅದನ್ನ ಕೇಳ್ರಿ."

ಗೂಟದ ಹಗ್ಗ ಬಿಚ್ಚಿಬಿಟ್ಟಳು.

ಎಮ್ಮೆ ಒಂದು ಕ್ಷಣ ನಿಂತು, ತನ್ನ ಪಾಡಿಗೆ ಬಿಟ್ಟಿದ್ದಾರೆಂದು ತಿಳಿದ ಮೇಲೆ ಅಂಗಳ ದಾಟಿತು. ಹಿಂದೆ ಡಾಕ್ಟರು, ಅವರ ಹಿಂದೆ ಹಗ್ಗ ಸುರುಳಿ ಸುತ್ತಿಕೊಂಡು ಸಾಯಬಣ್ಣ, ಎಲ್ಲರಿಗಿಂತ ಹಿಂದೆ ಏದುಸಿರು ಬಿಡುತ್ತ ಜೈತುನ್ಬೀ. ಊರ ಹೊರಗಿನ ಬೇವಿನ ಮರದ ಹತ್ತಿರ ದಾರಿ ಒಡೆಯುತ್ತದೆ. ಬಲಕ್ಕೆ ಕೆರೆ, ಅಲ್ಲಿಂದಲೇ ನೀರು ಕಾಣುತ್ತದೆ. ಎಡಕ್ಕೆ ಹೋಗುವ ದಾರಿಯಲ್ಲಿ ಒಡೆದ ಕಲ್ಲು ಬಿಟ್ಟರೆ ಏನೂ ಕಾಣುವುದಿಲ್ಲ. ಒಂದು ದಿನ ಒಂದು ರಾತ್ರಿ ಬಾಯಾರಿದ ಎಮ್ಮೆ ಬಲಕ್ಕೆ ಮೂತಿಯನ್ನೂ ತಿರುಗಿಸಲಿಲ್ಲ. ಎಡಕ್ಕೆ ಇಳಿದು, ಅಟ್ಟಿ ಹಾಕಿದ ಹಾಳು ಫರ್ಸಿಗಳ ನಡುವೆ, ಕಣ್ಣು ಕಟ್ಟಿ ಬಿಟ್ಟರೂ ಹೋದೀತು ಎನ್ನುವ ಹಾಗೆ ಹೋಯಿತು.

ಗಣಿಯ ನೀರು ಹಸಿರಾಗಿ, ತಳದ ಕಲ್ಲು ಕಾಣುವಷ್ಟು ತಿಳಿಯಾಗಿತ್ತು. ಇಳಿಯುವ ಕಡೆ ಬಿಳಿ ರಾಡಿಯಲ್ಲಿ ಒಂದೇ ಅಳತೆಯ ಗೊರಸಿನ ಗುರುತು, ಒಂದರ ಮೇಲೊಂದು ಬಿದ್ದು ಮೆಟ್ಟಿಲಾಗಿತ್ತು. ಎಮ್ಮೆ ಆ ಮೆಟ್ಟಿಲು ಇಳಿದು ಮೂತಿ ಮುಳುಗಿಸಿತು.

ಡಾಕ್ಟರು ಒಂದು ಚಪ್ಪಟೆ ಕಲ್ಲಿನ ಮೇಲೆ ಕೂತು, ನಕಾಶೆ ಹರವಿ, ಕೆರೆಯ ಮೇಲಿನ ಕೆಂಪು ಚುಕ್ಕೆಯನ್ನು ಹೊಡೆದುಹಾಕಿ, ಗಣಿ ಇರಬೇಕಾದಲ್ಲಿ ಒಂದು ಇಟ್ಟರು. ಆಮೇಲೆ ನೋಟ್‌ಬುಕ್ಕು ತೆಗೆದರು.

"ಇನ್ನ ಒಂದೇ ಉಳೀತು. ಎಮ್ಮಿಗಿ ಇಲ್ಲಿ ನೀರು ಕುಡಸ್ತಿದ್ದವರ ಹೆಸರು, ಹೇಳಿಕಿ. ಅದಿಲ್ಲಂದ್ರ ಮ್ಯಾಲಿನವರು ಮೊದಲಿನ ಹೇಳಿಕೀನೇ ಹಿಡೀತಾರ. ಮಧ್ಯಾಹ್ನಕ್ಕ ಚೀಲ ಬಿಚ್ಚಬೇಕಾಗ್ತದ."

"ಎಮ್ಮಿ ಹೇಳ್ತಲ್ರಿ."

"ಎಮ್ಮಿ ಹೆಬ್ಬೆಟ್ಟು ಹಚ್ಚೂದಿಲ್ಲಮ್ಮಾ."

ಜೈತುನ್ಬೀ ಸಾಯಬಣ್ಣನ ಕಡೆ ನೋಡಿದಳು. ಇನ್ನು ಮೇಲೆ ನೀನೇ ಬೇಯಿ, ಎನ್ನಬೇಕೆಂದಿದ್ದಳು. ಅವನು ಹಗ್ಗದ ಸುರುಳಿ ಹಿಡಿದು ನೆಲ ನೋಡುತ್ತಿದ್ದ. ಮಳೆಯಲ್ಲಿ ಸೇಡಂನಿಂದ ಬಂದ ಬಂಡಿಯನ್ನೂ ಅವನು ಹೀಗೆಯೇ, ತಲೆತಗ್ಗಿಸಿ, ಹಗ್ಗ ಬಿಗಿಹಿಡಿದು ಅವಳ ಅಂಗಳಕ್ಕೆ ತಂದಿದ್ದ. ಕಫನ್ ಬಟ್ಟೆ ಮಾತ್ರ ಒಂದು ಹನಿಯೂ ತೊಯ್ದಿರಲಿಲ್ಲ.

"ತೋಬಾ, ಸಾಕಾಯ್ತು ನನಗ ನಿಮ್ಮ ಕೂಡ," ಎಂದಳು. "ಬರಕೊಳ್ರಿ. ನಾ ಕುಡಸ್ತಿದ್ದೆ."

"ನೀವಾ?"

"ಶುಕ್ರಾರಕ್ಕೊಮ್ಮ. ಸಾಯಬಣ್ಣ ಉಂಡು ಮಲಗಿದ ಮ್ಯಾಲ ಎಮ್ಮಿ ಬಿಚ್ಚಕೊಂಡು, ಅದರ ಬೆನ್ನ ಮ್ಯಾಲ ಕುಂತು, ಛತ್ರಿ ಹಿಡಕೊಂಡು ಬರ್ತಿದ್ದೆ. ಹೊಲದಾಗಿನ ಮಂದಿ ಎದ್ದು ನಿಂತು ಸಲಾಮು ಹೊಡೀತಿದ್ರು. ಛತ್ರಿ ರೇಷಮೀದು ಅಂತನೂ ಬರೀರಿ."

ಪೆನ್ನು ಎರಡು ಅಕ್ಷರ ಬರೆದು ನಿಂತಿತು. ಗುರುಲಿಂಗಯ್ಯ ಅವಳನ್ನು ನೋಡಿದರು, ರಾಡಿಯ ಮೆಟ್ಟಿಲನ್ನು ನೋಡಿದರು. "ಅಮ್ಮಾ, ಕುಡಸಿದವರು ಹಗ್ಗ ಹಾಕ್ಕೊಂಡು ಚಾವಡಿ ಮುಂದ ನಿಂದರಬೇಕಂತಲ್ಲ."

"ನಿಂದರ್ತೀನಿ. ಕೆರಿಯೊಳಗ ಮೊಣಕಾಲತನ ನಿಂತು ಜಿಗಣಿ ಹತ್ತಿಸಿಕೊಂಡ ಕಾಲು ಇವು. ಚಾವಡಿಯೊಳಗ ಕಚ್ಚವರು ಯಾರಿದ್ದಾರ?"

ಅವಳು ಹೆಬ್ಬೆರಳು ಚಾಚಿದಳು. ಅದಕ್ಕೆ ಇನ್ನೂ ಬೂದಿ ಹತ್ತಿತ್ತು.

"ಇದರಾಗೂ ಅರ್ಧ ಸುಳ್ಳು ಅದ, ಹೌದಲ್ಲೊ?" ಎಂದರು ಡಾಕ್ಟರು ಮೆಲ್ಲಗೆ.

"ಅದ."

ಎಮ್ಮೆ ಮೂತಿಯೆತ್ತಿತು. ಅದರ ಎರಡೂ ಹೊಳ್ಳೆಯಿಂದ ತಿಳಿನೀರು ಹನಿಹನಿಯಾಗಿ ಕಲ್ಲಿನ ಮೇಲೆ ಬೀಳುತ್ತಿತ್ತು, ರಕ್ತವಿರಲಿಲ್ಲ. ಸಾಯಬಣ್ಣ ಹಗ್ಗದ ಸುರುಳಿ ಬಿಚ್ಚಿ, ಕುಣಿಕೆಯನ್ನು ಎರಡೂ ಕೈಯಲ್ಲಿ ಅಗಲ ಮಾಡಿ ಹಿಡಿದುಕೊಂಡು ಒಂದು ಹೆಜ್ಜೆ ಮುಂದೆ ಬಂದ. ಅದು ಎಮ್ಮೆಯ ಕೊರಳಿಗೋ, ತನ್ನ ಕೊರಳಿಗೋ ಎಂದು ಅವಳು ತಿರುಗಿ ನೋಡಲಿಲ್ಲ.

"ಎಮ್ಮಿ ಇಲ್ಲಿ ಕುಡೀತಿತ್ತು ಅನ್ನೂದು ನಿಮ್ಮ ಕಣ್ಣ ಮುಂದೇ ಅದ," ಎಂದಳು ಜೈತುನ್ಬೀ. "ಉಳದ ಅರ್ಧ ಏನು, ಈ ಸಲರೆ ನೀವೇ ಹೇಳ್ರಿ ನೋಡೂಣು, ಡಾಕ್ಟರ್ ಸಾಬ್."